ಎರಡು ಟನ್ ಗಾಡಿಗೆ ಏಳೂವರೆ ಟನ್ನಿನ ವಿಮೆ

ಮಾನ್ಯ ಸಂಪಾದಕರೇ,

ಕರೆಂಟಿನ ಗೂಡ್ಸ್ ಗಾಡಿ ಕೊಂಡರೆ ಓಡಿಸುವ ಖರ್ಚು ಉಳಿಯುತ್ತದೆ ಎಂದು ಸರ್ಕಾರ ಹೇಳುತ್ತದೆ, ಕಂಪನಿಗಳೂ ಹೇಳುತ್ತವೆ. ಅದರಲ್ಲಿ ಸುಳ್ಳಿಲ್ಲ. 2025ರ ಜೂನ್‌ನಲ್ಲಿ ಬಂದ ಟಾಟಾ ಏಸ್ ಪ್ರೊ ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ 14.4 ಕಿಲೋವ್ಯಾಟ್ ಅವರ್‌ನದು. ಪೂರ್ತಿ ಚಾರ್ಜ್ ಆಗಲು ಹದಿನಾರು ಯೂನಿಟ್ ಹಿಡಿದರೆ ಹೆಚ್ಚಾಯಿತು. ಕಂಪನಿ ಹೇಳುವ 155 ಕಿಲೋಮೀಟರ್ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮುಕ್ಕಾಲು ಟನ್ ಹೇರಿಕೊಂಡು ಸಿಗಲಾರದು. ಆದರೂ ಕಲ್ಮಲದಿಂದ ತರಕಾರಿ ತುಂಬಿಕೊಂಡು ರಾಯಚೂರಿಗೆ ಹೋಗಿ, ಗೊಬ್ಬರವನ್ನೋ ಕಿರಾಣಿಯನ್ನೋ ಹಾಕಿಕೊಂಡು ಮರಳಲು ಧಾರಾಳ ಸಾಕು. ನಮ್ಮೂರಿನಿಂದ ಒಂದು ದಾರಿ ಮಾನ್ವಿಗೆ, ಇನ್ನೊಂದು ದೇವದುರ್ಗಕ್ಕೆ ಒಡೆಯುತ್ತದೆ. ಈ ಊರುಗಳ ನಡುವಿನ ಸಣ್ಣ ಸರಕೆಲ್ಲ ಇಂಥ ಪುಟ್ಟ ಗಾಡಿಗಳ ಮೇಲೆಯೇ ಓಡಾಡುವುದು. ಕರೆಂಟಿನ ಗಾಡಿಗೆ ಇದಕ್ಕಿಂತ ಹೇಳಿ ಮಾಡಿಸಿದ ಸೀಮೆ ಬೇಕೇ?

ನನ್ನ ತಕರಾರು ಇರುವುದು ವರ್ಷಕ್ಕೊಮ್ಮೆ ಇನ್ಶೂರೆನ್ಸ್ ತುಂಬುವ ಲೆಕ್ಕದ ಬಗ್ಗೆ. ಅದರಲ್ಲೂ ಥರ್ಡ್ ಪಾರ್ಟಿ ವಿಮೆಯ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿ ತುಂಬಿಕೊಡುವ ವಿಮೆಯ ಬಗ್ಗೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದಿಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಅದರ ದರವನ್ನು ಕಂಪನಿ ಇಳಿಸುವಂತಿಲ್ಲ, ಏಜೆಂಟನ ಹತ್ತಿರ ಚೌಕಾಸಿ ನಡೆಯುವುದಿಲ್ಲ; ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ವಿಮಾ ನಿಯಂತ್ರಣ ಪ್ರಾಧಿಕಾರದ ಜತೆ ಸಮಾಲೋಚಿಸಿ ನಿಗದಿ ಮಾಡುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ ಬಾಡಿಗೆಗೆ ಓಡುವ, 7,500 ಕೆ.ಜಿ. ಒಟ್ಟು ತೂಕದವರೆಗಿನ ಸರಕು ವಾಹನಕ್ಕೆ 16,049 ರೂಪಾಯಿ. ಎಲೆಕ್ಟ್ರಿಕ್ ಆದರೆ ಶೇ 15 ರಿಯಾಯಿತಿ, ಅಂದರೆ 13,642 ರೂಪಾಯಿ.

ಈ ರಿಯಾಯಿತಿಯನ್ನು ಪತ್ರಿಕೆಗಳೆಲ್ಲ ಹೊಗಳಿ ಬರೆದವು. ಮೂಲ ದರ ನ್ಯಾಯವೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಅದೇ ಪಟ್ಟಿಯಲ್ಲಿ 7,500ರಿಂದ 12,000 ಕೆ.ಜಿ.ಗೆ ಒಂದು ದರ, 20,000ದವರೆಗೆ ಬೇರೆ, 40,000ದವರೆಗೆ ಮತ್ತೊಂದು. ತೂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದು ಒಪ್ಪಿಯೇ ಈ ಮೆಟ್ಟಿಲು ಕಟ್ಟಿದ್ದಾರೆ. ಆದರೆ ಕೆಳಗಿನ ಮೆಟ್ಟಿಲಿಗೆ ಬಂದಾಗ ತಕ್ಕಡಿಯನ್ನು ಪಕ್ಕಕ್ಕಿಟ್ಟುಬಿಟ್ಟರು! ಸರಕು ಸೇರಿ ಎರಡು ಟನ್ನೂ ದಾಟದ ಪುಟ್ಟ ಗಾಡಿ, ಏಳು ಟನ್ನಿನ ಲಾರಿ, ಎರಡಕ್ಕೂ ಒಂದೇ ಹಣ.

ಮಗ್ಗುಲಿನ ಸಾಲುಗಳನ್ನು ನೋಡಿದರೆ ಇನ್ನೂ ವಿಚಿತ್ರ. ಬಾಡಿಗೆಗೆ ಓಡುವ ಮೂರು ಗಾಲಿಯ ಗೂಡ್ಸ್ ಗಾಡಿಗೆ 4,492 ರೂಪಾಯಿ. ಅದು ಅರ್ಧ ಟನ್ ಹೊರುತ್ತದೆ, ನಾಲ್ಕು ಗಾಲಿಯದು ಮುಕ್ಕಾಲು ಟನ್ ಹೊರುತ್ತದೆ. ಕಾಲು ಟನ್ ಹೆಚ್ಚಿಗೆ ಹೊತ್ತ ತಪ್ಪಿಗೆ ಮೂರೂವರೆ ಪಟ್ಟು ದರ. ಇನ್ನು 65 ಕಿಲೋವ್ಯಾಟ್ ಮೀರಿದ ಎಲೆಕ್ಟ್ರಿಕ್ ಕಾರಿಗೆ, ಅದರ ಬೆಲೆ ಐವತ್ತು ಲಕ್ಷವೇ ಇರಲಿ, 6,712 ರೂಪಾಯಿ. ಆ ಕಾರು ಈ ಗಾಡಿಗಿಂತ ಭಾರ, ಈ ಗಾಡಿ ಕನಸಿನಲ್ಲೂ ಕಾಣದ ವೇಗ ಅದರದು. ಕಟ್ಟುವುದು ಮಾತ್ರ ಸೊಪ್ಪು ಸಾಗಿಸುವವನು ಕಟ್ಟುವುದರಲ್ಲಿ ಅರ್ಧ.

ಕಾರು ಮನೆ ಮುಂದೆ ನಿಂತಿರುತ್ತದೆ, ಬಾಡಿಗೆ ಗಾಡಿ ದಿನವಿಡೀ ರಸ್ತೆಯಲ್ಲಿರುತ್ತದೆ, ಅಪಘಾತದ ಸಾಧ್ಯತೆ ಹೆಚ್ಚು ಎಂದು ವಿಮಾ ಕಂಪನಿಯವರು ಹೇಳಬಹುದು. ಒಪ್ಪುತ್ತೇನೆ. ಅಪಘಾತದಲ್ಲಿ ಸತ್ತವರ ಮನೆಯವರಿಗೆ ಸಿಗುವ ಪರಿಹಾರಕ್ಕೆ ಮಿತಿ ಹಾಕಿಲ್ಲ, ಹಾಕಲೂಬಾರದು. ಆ ಹಣ ಎಲ್ಲಿಂದಲೋ ಬರಲೇಬೇಕು. ಆದರೆ ಈ ವಾದ ಕಾರಿಗೂ ಗಾಡಿಗೂ ಇರುವ ಅಂತರವನ್ನು ಸಮರ್ಥಿಸುತ್ತದೆಯೇ ಹೊರತು ಎರಡು ಟನ್ನಿಗೂ ಏಳೂವರೆ ಟನ್ನಿಗೂ ಅಂತರವೇ ಇಲ್ಲದಿರುವುದನ್ನಲ್ಲ. ಚಾಲನಾ ಪರವಾನಗಿಯ ಮಟ್ಟಿಗೆ 7,500 ಕೆ.ಜಿ. ಎಂಬ ಗೆರೆಗೆ ಅರ್ಥವಿದೆ. ಲಘು ವಾಹನದ ಲೈಸೆನ್ಸ್ ಇದ್ದವರು ಆ ತೂಕದವರೆಗಿನ ಸರಕು ವಾಹನವನ್ನೂ ಓಡಿಸಬಹುದು ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಲೈಸೆನ್ಸ್ ನೆಪ ಒಡ್ಡಿ ಪರಿಹಾರದ ಹೊಣೆಯಿಂದ ಜಾರಿಕೊಳ್ಳುತ್ತಿದ್ದ ವಿಮಾ ಕಂಪನಿಗಳ ದಾರಿ ಮುಚ್ಚಿತು. ಓಡಿಸುವವನ ಕೈಚಳಕ ಅಳೆಯಲು ಆ ಗೆರೆ ಸರಿ. ಡಿಕ್ಕಿಯ ಹೊಡೆತ ಅಳೆಯಲು ಅದೇ ಗೆರೆ ಸಾಕೆ?

ಈಗ ಶೇ 15ರ ರಿಯಾಯಿತಿ ಎಲ್ಲಿ ಹೋಗುತ್ತದೆ ನೋಡಿ. ಏಸ್ ಪ್ರೊ ಬಿಡುಗಡೆಯಾದಾಗ ಪೆಟ್ರೋಲ್ ಗಾಡಿಯ ಆರಂಭಿಕ ಬೆಲೆ 3.99 ಲಕ್ಷ, ಎಲೆಕ್ಟ್ರಿಕ್‌ನದು 6.50 ಲಕ್ಷ. ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ ಗಾಡಿಯ ಬೆಲೆಯ ಮೇಲೆ ನಿಲ್ಲುತ್ತದೆ. ಹೊಸ ಗಾಡಿಗೆ ಬೆಲೆಯ ಶೇ 95ನ್ನು ಹಿಡಿಯುತ್ತಾರೆ. ಇದರ ದರ ಕಂಪನಿಯಿಂದ ಕಂಪನಿಗೆ ಬೇರೆ. ಲೆಕ್ಕಕ್ಕೆ ನೂರಕ್ಕೆ ಒಂದು ಮುಕ್ಕಾಲು ರೂಪಾಯಿ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಗಾಡಿಗೆ ಸುಮಾರು 6,600, ಎಲೆಕ್ಟ್ರಿಕ್‌ಗೆ 10,800 ಆಗುತ್ತದೆ. ಥರ್ಡ್ ಪಾರ್ಟಿಯಲ್ಲಿ ಬಿಟ್ಟದ್ದು 2,407, ಇಲ್ಲಿ ಕಿತ್ತುಕೊಂಡದ್ದು ನಾಲ್ಕು ಸಾವಿರಕ್ಕೂ ಹೆಚ್ಚು. ಮೇಲೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನದ ಥರ್ಡ್ ಪಾರ್ಟಿ ವಿಮೆಯ ಜಿಎಸ್‌ಟಿಯನ್ನು ಶೇ 12ರಿಂದ 5ಕ್ಕೆ ಇಳಿಸಿದರು, ಸಂತೋಷ. ಸ್ವಂತ ಹಾನಿಯ ವಿಮೆಗೆ ಶೇ 18 ಹಾಗೆಯೇ ಉಳಿಯಿತು. ಒಂಟಿ ಗಾಡಿ ಇಟ್ಟುಕೊಂಡವನಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಇರುವುದಿಲ್ಲ, ಆ ತೆರಿಗೆಯನ್ನು ಅವನು ಎಲ್ಲಿಯೂ ವಜಾ ಮಾಡಿಕೊಳ್ಳಲಾರ. ಅದೇ ದಿನ ಪೆಟ್ರೋಲ್, ಡೀಸೆಲ್ ಗೂಡ್ಸ್ ಗಾಡಿಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಬೆಲೆಯ ಅಂತರ ಮತ್ತಷ್ಟು ಹಿಗ್ಗಿತು. ಒಟ್ಟಿನಲ್ಲಿ ಹೊಗೆ ಬಿಡದ ಗಾಡಿಯ ವಿಮೆಯೇ ಹೊಗೆ ಬಿಡುವುದರ ವಿಮೆಗಿಂತ ದುಬಾರಿ.

ದುಡ್ಡು ಕಟ್ಟಿದವನಿಗೆ ಸಿಗುವುದಾದರೂ ಏನು? ಹಳೆಯ ಮಾದರಿಯ ಮೋಟಾರು ಪಾಲಿಸಿಗಳಲ್ಲಿ ಒಂದು ಸಾಲಿದೆ: ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗ, ಟೈರು, ಟ್ಯೂಬು, ಬ್ಯಾಟರಿ, ಏರ್‌ಬ್ಯಾಗ್ ಇವಕ್ಕೆ ಶೇ 50 ಸವಕಳಿ, ಅಂದರೆ ಕೈಗೆ ಬರುವುದು ಅರ್ಧ ಬೆಲೆಯಷ್ಟೇ. ಆ ಸಾಲು ಬರೆದ ಕಾಲದಲ್ಲಿ ಬ್ಯಾಟರಿ ಎಂದರೆ ಸೆಲ್ಫ್ ಹೊಡೆಯಲು ಇರುವ ಕೆಲವು ಸಾವಿರದ ಡಬ್ಬಿ. ಈಗ ಬ್ಯಾಟರಿಯೇ ಗಾಡಿಯ ಜೀವ, ಬೆಲೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅದರದೇ. ಅದಕ್ಕೂ ಇದೇ ಸಾಲು ಅನ್ವಯಿಸಿದರೆ ಕ್ಲೇಮಿನ ದಿನ ಮಾಲೀಕ ಮುಳುಗಿದಂತೆ. ಬ್ಯಾಟರಿಗೆಂದೇ ಹೆಚ್ಚುವರಿ ರಕ್ಷಣೆ ಮಾರುತ್ತಾರೆ, ಅದಕ್ಕೆ ಬೇರೆ ಹಣ. ಇನ್ನೊಂದು ತೊಡಕು: ರಿಪೇರಿ ಖರ್ಚು ವಿಮಾ ಮೌಲ್ಯದ ಶೇ 75 ದಾಟಿದರೆ ಗಾಡಿ ಪೂರ್ತಿ ಹೋಯಿತೆಂದೇ ಲೆಕ್ಕ. ಮೂರು ವರ್ಷ ತುಂಬಿದ ಗಾಡಿಯ ಮೌಲ್ಯ ಮೂಲ ಬೆಲೆಯ ಶೇ 60ಕ್ಕೆ ಇಳಿದಿರುತ್ತದೆ. ಬ್ಯಾಟರಿಯ ಜತೆಗೆ ಮುಂಭಾಗಕ್ಕೂ ಪೆಟ್ಟು ಬಿದ್ದರೆ ಆ ಗೆರೆ ಮುಟ್ಟಲು ಹೆಚ್ಚು ಹೊತ್ತು ಬೇಡ. ಬಂದ ಹಣವನ್ನು ಸಾಲ ಕೊಟ್ಟ ಬ್ಯಾಂಕು ಮೊದಲು ಹಿಡಿದುಕೊಳ್ಳುತ್ತದೆ, ದುಡಿಮೆಗೆ ಗಾಡಿ ಇರುವುದಿಲ್ಲ.

ಎಲೆಕ್ಟ್ರಿಕ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ತಂದ ರಾಜ್ಯ ನಮ್ಮದು ಎಂದು ಹೆಮ್ಮೆಪಡುತ್ತೇವೆ. ರಾಜ್ಯ ಸರ್ಕಾರದ ಸ್ವಂತ ವಾಹನಗಳಿಗೆ ತನ್ನದೇ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಇದೆ. ಹಾಗಾಗಿಯೇ ಏನೋ, ಮಾರುಕಟ್ಟೆಯ ದರ ವಿಧಾನಸೌಧಕ್ಕೆ ಚುಚ್ಚುವುದಿಲ್ಲ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯೂ ಸಹಾಯಧನವನ್ನು ಮೂರು ಗಾಲಿಯವಕ್ಕೆ ಇಟ್ಟಿತು, ಮೂರೂವರೆ ಟನ್ ಮೀರಿದ ಟ್ರಕ್ಕಿಗೆ ಇಟ್ಟಿತು. ನಡುವಿನ ಪುಟ್ಟ ನಾಲ್ಕು ಗಾಲಿಗೆ ಇಡಲಿಲ್ಲ. ಸಹಾಯಧನದಲ್ಲಿ ಅದು ಟ್ರಕ್ಕಲ್ಲ, ಪ್ರೀಮಿಯಂ ವಸೂಲಿಗೆ ಮಾತ್ರ ಟ್ರಕ್ಕು.

ಕೇಳುವುದು ಇಷ್ಟೇ. 7,500 ಕೆ.ಜಿ.ಯ ಮೆಟ್ಟಿಲನ್ನು ಒಡೆದು ಎರಡು ಟನ್ನಿನವರೆಗೆ ಒಂದು, ಮೂರೂವರೆ ಟನ್ನಿನವರೆಗೆ ಇನ್ನೊಂದು ದರ ಮಾಡಲಿ. ಆಮೇಲೆ ಶೇ 15 ಬಿಟ್ಟರೆ ಅದಕ್ಕೊಂದು ಅರ್ಥ. ಗಾಡಿ ಓಡಿಸುವ ಬ್ಯಾಟರಿಗೆ ಎಷ್ಟು ಸವಕಳಿ ಎಂಬುದನ್ನು ಪಾಲಿಸಿಯ ಮೊದಲ ಪುಟದಲ್ಲಿ, ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಡ್ಡಾಯ ಮಾಡಲಿ. ಅದರ ಕಚೇರಿ ಇರುವುದು ಹೈದರಾಬಾದಿನಲ್ಲಿ. ನಮಗೆ ಬೆಂಗಳೂರಿಗಿಂತ ಹತ್ತಿರ. ನಮ್ಮ ಸಂಸದ ಜಿ. ಕುಮಾರ ನಾಯಕ ಅವರು ರಾಜ್ಯದ ಇಂಧನ ಇಲಾಖೆಯನ್ನು ನೋಡಿಕೊಂಡ ಅಧಿಕಾರಿಯಾಗಿದ್ದವರು, ಈ ಲೆಕ್ಕ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿದರೂ ಉತ್ತರ ದಾಖಲೆಗೆ ಬರುತ್ತದೆ. ದರ ಪರಿಷ್ಕರಿಸುವ ಮುನ್ನ ಸಚಿವಾಲಯ ಕರಡು ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ. 2022ರಲ್ಲೂ ಮಾರ್ಚ್‌ನಲ್ಲಿ ಕರಡು ಬಂದು ಮೇ ತಿಂಗಳಲ್ಲಿ ಅಂತಿಮವಾಯಿತು. ಮುಂದಿನ ಕರಡು ಬಂದಾಗ ಅದರ ಸಾರವನ್ನು ಕನ್ನಡದಲ್ಲಿ, ಕೊನೆಯ ದಿನಾಂಕದ ಸಮೇತ ತಮ್ಮ ಪತ್ರಿಕೆ ಪ್ರಕಟಿಸಬೇಕು. ರಾಯಚೂರು, ಮಾನ್ವಿ, ದೇವದುರ್ಗದ ಗೂಡ್ಸ್ ಗಾಡಿ ಮಾಲೀಕರ ಆಕ್ಷೇಪಣೆಗಳನ್ನು ಒಟ್ಟುಗೂಡಿಸಿ ಕಳಿಸುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ಕಲ್ಮಲದ ಓದುಗ
ರಾಯಚೂರು ತಾಲ್ಲೂಕು