ಷೋಕೇಸಿನಲ್ಲಿ ಫಿರಂಗಿ ಗುಂಡು

ದೀಪಾವಳಿಯ ಮರುದಿನ ದಕ್ಷಿಣ ಕೋಲ್ಕತ್ತದ ಕನ್ನಡ ಬಂಧುಗಳೊಬ್ಬರ ಮನೆಗೆ ಹೋಗಿದ್ದೆ. ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳು, ಶ್ರೀಗಂಧದ ಆನೆ. ಅವುಗಳ ಪಕ್ಕದಲ್ಲಿ ತುಕ್ಕು ಹಿಡಿದ, ಮೊಳದುದ್ದದ ಫಿರಂಗಿ ಷೆಲ್ಲು! "ಖಿದಿರ್‌ಪುರದ ಗುಜರಿಯಲ್ಲಿ ಸಿಕ್ಕಿತು, ಮಹಾಯುದ್ಧದ್ದು" ಎಂದರು ಯಜಮಾನರು, ಹೆಮ್ಮೆಯಿಂದ. ಅವರ ಎಂಟು ವರ್ಷದ ಮಗ ಅದನ್ನು ಹೊತ್ತು ತಂದು ನನ್ನ ಕಾಫಿ ಲೋಟದ ಪಕ್ಕದಲ್ಲಿ ಕುಕ್ಕಿದ. ಮೂತಿಯಲ್ಲಿ ಹಿತ್ತಾಳೆಯ ಫ್ಯೂಸು ಹಾಗೆಯೇ ಕೂತಿತ್ತು. ಒಳಗಿನ ಮದ್ದು ತೆಗೆದಿದೆಯೇ ಎಂದು ಕೇಳಿದೆ. "ಎಂಬತ್ತು ವರ್ಷವಾಯಿತಲ್ಲ ಸ್ವಾಮಿ, ಯಾವತ್ತೋ ಸತ್ತುಹೋಗಿದೆ" ಎಂದರು.

ಈ ಒಂದು ಮಾತಿಗಾಗಿಯೇ ಇಷ್ಟು ಬರೆಯುತ್ತಿದ್ದೇನೆ. ವಯಸ್ಸಾದ ಮಾತ್ರಕ್ಕೆ ಮದ್ದು ಸಾಯುವುದಿಲ್ಲ. ಟಿಎನ್‌ಟಿ ಎಷ್ಟು ದಶಕ ಕಳೆದರೂ ತನ್ನ ಗುಣ ಬಿಡದು. ಹಳೆಯ ಕೆಲವು ಷೆಲ್ಲುಗಳಲ್ಲಿ ತುಂಬಿದ್ದ ಪಿಕ್ರಿಕ್ ಆಮ್ಲವಂತೂ ಲೋಹದೊಡನೆ ಬೆರೆತು ಇನ್ನೂ ಮುಂಗೋಪಿಯಾಗುತ್ತದೆ. ಕಾಲಕ್ರಮೇಣ ಸಾಯುವುದು ಅದನ್ನು ತಡೆದಿಟ್ಟ ಪಿನ್ನು, ಸ್ಪ್ರಿಂಗುಗಳು.

ಖಿದಿರ್‌ಪುರದ ಹೆಸರೆತ್ತಿದರಲ್ಲ, ಅಲ್ಲಿಯದನ್ನೇ ಹೇಳೋಣ. 1943ರ ಡಿಸೆಂಬರ್ 5ರಂದು ಹಾಡಹಗಲೇ ಜಪಾನೀ ವಿಮಾನಗಳು ಬಾಂಬು ಸುರಿದದ್ದು ಆ ಹಡಗುಕಟ್ಟೆಯ ಮೇಲೆಯೇ. 2018ರ ಡಿಸೆಂಬರಿನಲ್ಲಿ ನೇತಾಜಿ ಸುಭಾಷ್ ಡಾಕಿನ ಹೂಳೆತ್ತುವಾಗ ಆ ಯುದ್ಧಕಾಲದ, ಸುಮಾರು 450 ಕಿಲೋ ತೂಕದ ಬಾಂಬೊಂದು ಸಿಕ್ಕಿತು. 2024ರ ಜುಲೈನಲ್ಲಿ ಝಾರ್‌ಗ್ರಾಮ್ ಜಿಲ್ಲೆಯ ಗೋಪಿವಲ್ಲಭಪುರದ ಕಡೆ ಬಯಲಿನಲ್ಲಿ ಇನ್ನೊಂದು. ಸುತ್ತಲಿನ ಜನರನ್ನು ದೂರ ಕಳುಹಿಸಿ ಅದನ್ನು ನಿಷ್ಕ್ರಿಯಗೊಳಿಸಬೇಕಾಯಿತು. ಬಲ್ಲವರೇ ಹೀಗೆ ದೂರ ನಿಲ್ಲುವಾಗ ನಾವು ಅದರ ಪಕ್ಕ ಕೋಡುಬಳೆ ತಿನ್ನುತ್ತಾ ಕೂತಿರುತ್ತೇವೆ!

ಗುಜರಿಯಲ್ಲಿ ಬಂದದ್ದರಿಂದ ಅಪಾಯವಿಲ್ಲ ಎನ್ನುವವರೂ ಇದ್ದಾರೆ. 2004ರ ಸೆಪ್ಟೆಂಬರ್ 30ರಂದು ಗಾಜಿಯಾಬಾದ್ ಬಳಿಯ ಉಕ್ಕಿನ ಕಾರ್ಖಾನೆಯಲ್ಲಿ ಸಿಡಿದು 10 ಮಂದಿ ಕಾರ್ಮಿಕರನ್ನು ಕೊಂದದ್ದು ವಿದೇಶದಿಂದ ಬಂದ ಗುಜರಿಯೊಳಗಿದ್ದ ಷೆಲ್ಲುಗಳೇ. ಇನ್ನು ಕಾನೂನಿನ ಮಾತು: 1908ರ ಸ್ಫೋಟಕ ವಸ್ತುಗಳ ಕಾಯಿದೆ, 1959ರ ಶಸ್ತ್ರಾಸ್ತ್ರ ಕಾಯಿದೆ ಎರಡೂ ನಿಮ್ಮ ಹವ್ಯಾಸವನ್ನು ಮೆಚ್ಚುವುದಿಲ್ಲ.

ಇತಿಹಾಸದ ಮೇಲೆ ಪ್ರೀತಿಯೆಂದರೆ, ನನಗೂ ಇದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಟಿಪ್ಪು ಕಾಲದ ರಾಕೆಟ್ಟುಗಳು ಸಾವಿರಕ್ಕೂ ಮಿಕ್ಕಿ ದೊರೆತವು, ಒಳಗೆ ಮದ್ದು ತುಂಬಿಕೊಂಡೇ. ಪುರಾತತ್ವ ಇಲಾಖೆಯವರೇ ತೆಗೆದರು, ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದಲ್ಲ?

ಇಂಥದ್ದು ಈಗಾಗಲೇ ಮನೆಯಲ್ಲಿದ್ದರೆ ಉಜ್ಜಬೇಡಿ, ಬಿಚ್ಚಬೇಡಿ, ಟ್ಯಾಕ್ಸಿಯಲ್ಲಿಟ್ಟು ಠಾಣೆಗೆ ಒಯ್ಯಬೇಡಿ. ರಾತ್ರೋರಾತ್ರಿ ಗಂಗೆಗೂ ಎಸೆಯಬೇಡಿ, ಮುಂದೊಂದು ದಿನ ಬೆಸ್ತರ ಬಲೆಗೆ ಸಿಕ್ಕೀತು. ಮನೆಯವರನ್ನೂ ನೆರೆಯವರನ್ನೂ ಹೊರಗೆ ಕರೆದು, 100ಕ್ಕೆ ಫೋನು ಮಾಡಿ. ಬಾಂಬು ದಳದವರು ಬರುತ್ತಾರೆ. ನೆರೆಹೊರೆಯವರ ಮುಂದೆ ತುಸು ನಾಚಿಕೆಯಾದೀತು, ಆಗಲಿ.

ಆ ಮನೆಯಿಂದ ಮುಂದಿನ ಹುಣ್ಣಿಮೆಯ ಸತ್ಯನಾರಾಯಣ ಪೂಜೆಗೆ ಕರೆ ಬಂದಿದೆ. ಷೆಲ್ಲು ಮನೆ ಬಿಟ್ಟ ಸುದ್ದಿ ತಲುಪಿದ ಮೇಲೆ ಸಕುಟುಂಬ ಬರುತ್ತೇನೆಂದು ಹೇಳಿ ಕಳುಹಿಸಿದ್ದೇನೆ. ಇನ್ನೂ ಉತ್ತರವಿಲ್ಲ.