ಮೊಬೈಲ್ ಕಸಿದರೆ ಸಾಕೆ?

ನಂಜನಗೂಡಿನ ಪರಿಚಿತರೊಬ್ಬರು ಒಂಬತ್ತನೇ ತರಗತಿಯಲ್ಲಿರುವ ಮಗನ ವಿಷಯ ಹೇಳಿಕೊಂಡು ನೊಂದರು. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ಆಟ, ಹಗಲು ತರಗತಿಯಲ್ಲಿ ತೂಕಡಿಕೆ. ಸಿಟ್ಟಿಗೆದ್ದ ತಂದೆ ಮೊಬೈಲ್ ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗ ಎರಡು ದಿನ ಊಟ ಬಿಟ್ಟ. 'ಇವನನ್ನು ಯಾರ ಹತ್ತಿರ ತೋರಿಸೋದು ಸಾರ್?' ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮಕ್ಕಳ ಕೈಗೆ ಮೊಬೈಲ್ ಕೊಟ್ಟವರು ನಾವೇ. 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಸಾಲ ಮಾಡಿ ಕೊಂಡ ಕುಟುಂಬಗಳೆಷ್ಟೋ! ಶಾಲೆ ತೆರೆದ ಮೇಲೂ ಅದು ಮಕ್ಕಳ ಕೈ ಬಿಡಲಿಲ್ಲ.

ಹಾಗೆಂದು ಮೊಬೈಲ್ ಹಿಡಿದ ಮಕ್ಕಳೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪರಿಷ್ಕೃತ ರೋಗಪಟ್ಟಿಯಲ್ಲಿ ಆಟದ ಗೀಳೂ ಸೇರಿದ್ದು, ಆ ಪಟ್ಟಿ 2022ರಲ್ಲಿ ಜಾರಿಗೆ ಬಂದಿದೆ. ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಇವು 12 ತಿಂಗಳು ಕಾಣಿಸಿಕೊಂಡರೆ ಮಾತ್ರ ಅದು ರೋಗ. ಆ ಹಂತ ಮುಟ್ಟುವ ಮೊದಲೇ ಮಗುವನ್ನು ಕೂರಿಸಿ ಮಾತನಾಡಿಸುವವರು ಬೇಕು.

ಇಂತಹವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭಿಸಿತು. ಆದರೆ ಟಿ. ನರಸೀಪುರದ ಕಡೆಯ ಕೂಲಿಕಾರ ದಂಪತಿ ದುಡಿಮೆ ಬಿಟ್ಟು ಮತ್ತೆ ಮತ್ತೆ ಬೆಂಗಳೂರಿಗೆ ಹೋಗಲಾದೀತೆ? ಮಕ್ಕಳು ನಿತ್ಯ ಬರುವುದು ಶಾಲೆಗೆ. ನೆರವೂ ಅಲ್ಲಿಯೇ ಸಿಗಬೇಕು.

ಆಪ್ತ ಸಮಾಲೋಚನೆ ಎಂದರೆ ಬುದ್ಧಿವಾದವಲ್ಲ. ಯಾವ ಹೊತ್ತಿನಲ್ಲಿ, ಯಾವ ಬೇಸರಕ್ಕೆ ಮೊಬೈಲ್ ಹಿಡಿಯುತ್ತಾನೆಂದು ಹುಡುಗನಿಂದಲೇ ದಿನಚರಿ ಬರೆಸುವುದು, ಬಳಕೆಯ ಹೊತ್ತನ್ನು ಹಂತಹಂತವಾಗಿ ತಗ್ಗಿಸುವುದು, ಮಲಗುವಾಗ ಮೊಬೈಲ್ ದೂರವಿಡುವ ನಿಯಮಕ್ಕೆ ಹೆತ್ತವರನ್ನೂ ಒಪ್ಪಿಸುವುದು ಅದರ ಕೆಲಸ. ಕೊನೆಗೆ ಆ ಹುಡುಗ ಶಿಕ್ಷಕಿಯೊಬ್ಬರ ಮುಂದೆ ಬಾಯಿಬಿಟ್ಟ. ಎರಡು ವರ್ಷಗಳಿಂದ ಅವನಿಗೆ ಗಣಿತ ಅರ್ಥವಾಗುತ್ತಿರಲಿಲ್ಲ. ಅವನು ಗೆಲ್ಲುತ್ತಿದ್ದುದು ಆಟದಲ್ಲಿ ಮಾತ್ರ! ಈಗ ಆ ಶಿಕ್ಷಕಿ ಸಂಜೆ ಅರ್ಧ ಗಂಟೆ ಲೆಕ್ಕ ಹೇಳಿಕೊಡುತ್ತಾರೆ. ಆಟ ನಿಂತಿಲ್ಲ, ಕಡಿಮೆಯಾಗಿದೆ.

ಪ್ರತಿ ಶಾಲೆಗೂ ಸಮಾಲೋಚಕರನ್ನು ಒಮ್ಮೆಗೇ ನೇಮಿಸುವುದು ಕಷ್ಟವೆಂಬುದು ನಿಜ. ಈ ಎರಡು ತಾಲ್ಲೂಕುಗಳಿಗೆ ತಲಾ ಇಬ್ಬರನ್ನಾದರೂ ನೇಮಿಸಿ, ನಿಗದಿತ ದಿನ ಪ್ರೌಢಶಾಲೆಗಳಿಗೆ ಕಳುಹಿಸಬಹುದು. ಶಾಲೆಗೊಬ್ಬ ಶಿಕ್ಷಕರಿಗೆ ತರಬೇತಿ ಕೊಡಬಹುದು. ಮಗು ಹೇಳಿಕೊಂಡ ಗುಟ್ಟು ಶಿಕ್ಷಕರ ಕೊಠಡಿಯ ಹರಟೆಯಾಗಬಾರದು; ಆದರೆ ಆ ಮಗು ಮತ್ತೆಂದೂ ಬಾಯಿ ತೆರೆಯದು. ತುರ್ತು ನೆರವಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಈ ಉಚಿತ ಸಂಖ್ಯೆಯನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಲು ಹೆಚ್ಚು ಖರ್ಚೇನೂ ಬೇಕಿಲ್ಲ.

ಮುಂದಿನ ಶೈಕ್ಷಣಿಕ ವರ್ಷದಲ್ಲಿ ಶಿಕ್ಷಣ ಇಲಾಖೆ ಇಷ್ಟನ್ನಾದರೂ ಮಾಡಲಿ. ಬೀರುವಿನ ಬೀಗವನ್ನೇ ನಂಬಿ ಕುಳಿತ ಹೆತ್ತವರಿಗೆ ಬೇರೊಂದು ದಾರಿ ಕಾಣಲಿ.