ಯಂತ್ರ ಬರೆದೀತು, ತಪ್ಪು ಹಿಡಿಯೋರು ಯಾರು?

"ಬಿ.ಕಾಂ. ಮುಗಿಸಿದ ಮಗನಿಗೆ ಕೆಲಸ ಎಲ್ಲಿದೆ ಸ್ವಾಮಿ? ಎಲ್ಲಾ ಕಂಪ್ಯೂಟರೇ ಮಾಡುತ್ತಂತೆ!" ಬಸ್ ಸ್ಟ್ಯಾಂಡಿನಲ್ಲೂ ಅಂಗಡಿ ಕಟ್ಟೆಯಲ್ಲೂ ಈಗ ಇದೇ ಮಾತು. ಭಯ ಸುಳ್ಳಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪತ್ರ ಬರೆಯುವುದು, ಪಟ್ಟಿ ಮಾಡುವುದು, ತರ್ಜುಮೆ ಮುಂತಾಗಿ ಹೊಸಬರು ಕೈ ಪಳಗಿಸುತ್ತಿದ್ದ ಕೆಲಸಗಳೇ ಕೃತಕ ಬುದ್ಧಿಮತ್ತೆಯ ಪಾಲಾಗತೊಡಗಿವೆ.

ಹಿಂದೆ ಕಂಪ್ಯೂಟರ್ ಬಂದಾಗ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಒಂದೊಂದಾಗಿ ಬಾಗಿಲು ಹಾಕಿದವು. ಆದರೆ ಬೆರಳು ಪಳಗಿದ್ದವರು ಎಷ್ಟೋ ಮಂದಿ ಡಿ.ಟಿ.ಪಿ. ಕಲಿತು ಬದುಕಿಕೊಂಡರು.

ಈ ಹೊಸ ಯಂತ್ರಕ್ಕೂ ಒಂದು ಚಾಳಿ ಉಂಟು. ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ಬರೆದುಬಿಡುತ್ತದೆ! ಜಿ.ಎಸ್.ಟಿ. ಲೆಕ್ಕ ತಪ್ಪಿದರೆ ದಂಡ ಕಟ್ಟುವವನು ಅಂಗಡಿಯವನೇ ಹೊರತು ಯಂತ್ರವಲ್ಲ. ಆ ತಪ್ಪು ಹಿಡಿಯಬಲ್ಲ ಹುಡುಗ ಹುಡುಗಿಯರಿಗೆ ಬೆಲೆ ಇದ್ದೇ ಇದೆ. ಅದಕ್ಕೆ ಮೊದಲು ಜಮಾಖರ್ಚನ್ನು ಸ್ವಂತ ಕೈಯಲ್ಲಿ ಬರೆದು ಕಲಿಯಬೇಕು. ಆಮೇಲೆ ಅದೇ ಲೆಕ್ಕ ಯಂತ್ರಕ್ಕೂ ಕೊಟ್ಟು ತಾಳೆ ನೋಡಬೇಕು.

ಹಾಗಂತ ಬೋರ್ಡು ಕಂಡಲ್ಲೆಲ್ಲಾ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದಲ್ಲಿ ಪಾಠ ಪುಕ್ಕಟೆ. ಸರ್ಟಿಫಿಕೇಟ್ ಬೇಕಾದವರು ಪರೀಕ್ಷೆಗೆ ಫೀ ಕಟ್ಟಿದರಾಯಿತು.

ಇನ್ನು ವರ್ತಕ ಬಾಂಧವರಿಗೂ ಒಂದು ಮಾತು. "ಅನುಭವ ಇದ್ಯಾ?" ಎಂದು ಕೇಳಿ ವಾಪಸ್ಸು ಕಳಿಸುವುದು ಸುಲಭ. ಆರು ತಿಂಗಳು ಒಬ್ಬರನ್ನು ಪಕ್ಕದಲ್ಲಿ ಕೂರಿಸಿ, ಸಂಬಳ ಕೊಟ್ಟು, ಕೆಲಸ ಕಲಿಸಿ. ಇವತ್ತು ಹೊಸಬರಿಗೆ ಬಾಗಿಲು ಹಾಕಿದರೆ ನಾಳೆ ಪಳಗಿದ ಕೈ ಎಲ್ಲಿಂದ ತರುತ್ತೀರಿ?